ಈಥರ್ ಸ್ಟಾರ್ಟಿಂಗ್ ಸ್ಪ್ರೇ: ಎರಡು ಹೂವಿನ ಸೀಸನ್ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಹಠ ಹಿಡಿದ ಡೀಸೆಲ್ ಎಂಜಿನ್ ಸ್ಟಾರ್ಟ್ ಮಾಡಲು ಗಾಳಿ ಪೈಪಿನ ಬಾಯಿಗೆ ಹೊಡೆಯುವ ಈ ಡಬ್ಬಿಗೆ ಐದಕ್ಕೆ ಮೂರೂವರೆ. ಆ ಮೂರೂವರೆಯೂ ಡಬ್ಬಿಯ ಒಳಗಿರುವ ಈಥರ್‌ಗೆ. ಲೇಬಲ್ ಬರೆದವರಿಗೆ ಬೇರೆ ಮಾರ್ಕ್ಸ್ ಕೊಡಬೇಕು ಅಂದರೆ ಒಂದರ ಮೇಲೆ ಕೊಡಲ್ಲ. ಬ್ರಾಂಡ್ ಹೆಸರು ಬರೆಯುವುದಿಲ್ಲ, ಅದರಿಂದ ಏನೂ ಪ್ರಯೋಜನ ಇಲ್ಲ. ಅಂಗಡಿಯಲ್ಲಿ ನಿಂತು ಮೂರು ನಾಲ್ಕು ಡಬ್ಬಿ ತಿರುಗಿಸಿ ಓದಿದೆ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಜಾತಿ. ಡೈಈಥೈಲ್ ಈಥರ್, ಜೊತೆಗೆ ಹೆಪ್ಟೇನ್, ಹೊರಗೆ ತಳ್ಳೋಕೆ ಒಂದು ಗ್ಯಾಸ್, ಚೂರು ಎಣ್ಣೆ. ನಾನು ತಗೊಂಡಿದ್ದು 400 ಚಿಲ್ಲರೆ ರೂಪಾಯಿಯದು.

ಚಿಕ್ಕಪ್ಪನ ಕಾಫಿ ತೋಟ ಮೂಡಿಗೆರೆ ಕಡೆ. ಕೆರೆ ದಡದಲ್ಲಿ ತಗಡಿನ ಶೀಟಿನ ಪಂಪ್‌ಹೌಸ್, ಅದರೊಳಗೆ ನನಗಿಂತ ಹತ್ತು ವರ್ಷ ದೊಡ್ಡದಾದ ಒಂದು ಮೂರು ಸಿಲಿಂಡರ್ ಡೀಸೆಲ್ ಎಂಜಿನ್. ವರ್ಷದಲ್ಲಿ ಅದಕ್ಕೆ ನಿಜವಾದ ಕೆಲಸ ಇರೋದು ಒಂದೂವರೆ ಎರಡು ತಿಂಗಳು. ಫೆಬ್ರವರಿ ಮಾರ್ಚ್‌ನಲ್ಲಿ ರೊಬಸ್ಟಾ ಮೊಗ್ಗು ಕಾಯುತ್ತಾ ನಿಂತಿರುತ್ತದೆ. ಮಳೆ ಬಂದರೆ ಪುಣ್ಯ, ಇಲ್ಲದಿದ್ದರೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹೊಡೆಯಬೇಕು. ಹೊಡೆದ ಒಂದು ವಾರ ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಆಮೇಲೆ ಸುಮಾರು ಮೂರು ವಾರ ಬಿಟ್ಟು ಬ್ಯಾಕಿಂಗ್ ನೀರು, ಅಂದರೆ ಹೂವು ಕಾಯಿ ಕಟ್ಟಲಿ ಅಂತ ಕೊಡುವ ಎರಡನೇ ನೀರು. ಈ ಲೆಕ್ಕ ಎರಡು ದಿನ ಹಿಂದೆ ಮುಂದೆ ಆಯ್ತು ಅಂದರೆ ಆ ವರ್ಷದ ಫಸಲಿನ ಕಥೆಯೇ ಬೇರೆ. ಅಂಥ ಹೊತ್ತಿನಲ್ಲೇ ಬೆಳಗಿನ ಜಾವ ಐದೂವರೆಗೆ ಎಂಜಿನ್ ಸ್ಟಾರ್ಟ್ ಆಗಲ್ಲ ಅನ್ನುತ್ತದೆ.

ಚಳಿ ಅಂದರೆ ಲಡಾಖಿನ ಚಳಿ ಏನಲ್ಲ. 13 ಡಿಗ್ರಿ ಇರಬಹುದು. ಆದರೆ ಹಳೇ ಪಿಸ್ಟನ್ ರಿಂಗು, ಸುಸ್ತಾದ ಬ್ಯಾಟರಿ, ಯಾವ ಕಾಲದಲ್ಲೋ ಸರ್ವಿಸ್ ಆದ ಇಂಜೆಕ್ಟರ್. ಸೆಲ್ಫ್ ಹೊಡೆದರೆ ಗರ್ ಗರ್ ಅಂತ ತಿರುಗುತ್ತದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆ, ಅಷ್ಟೇ. ಮೊದಲೆಲ್ಲ ಸೀಮೆಎಣ್ಣೆ ಬಟ್ಟೆಗೆ ಬೆಂಕಿ ಹಚ್ಚಿ ಗಾಳಿ ಎಳೆಯುವ ಪೈಪಿನ ಬಾಯಿಗೆ ಹಿಡಿಯುತ್ತಿದ್ದರು. ಈಗ ಸೀಮೆಎಣ್ಣೆಯೂ ಸಿಗಲ್ಲ, ಹಿಡಿಯುವ ಧೈರ್ಯದವರೂ ಇಲ್ಲ. ಮೆಕ್ಯಾನಿಕ್ ಹೇಳಿದ, "ಸಾರ್, ಸ್ಪ್ರೇ ಬರುತ್ತೆ, ಒಂದ್ ಡಬ್ಬ ತಂದಿಡಿ, ಹೊಡೆದ್ರೆ ಪಟ್ ಅಂತ ಏಳುತ್ತೆ."

ತಂದೆ. ಹೊಡೆದೆ. ಪಟ್ ಅಂತ ಎದ್ದಿತು!

ಸುಳ್ಳಲ್ಲ, ಏರ್ ಫಿಲ್ಟರ್ ಬಾಯಿಗೆ ಒಂದು ಸೆಕೆಂಡ್ ಸ್ಪ್ರೇ, ಸೆಲ್ಫ್ ಒಂದೂವರೆ ಸುತ್ತು, ಎಂಜಿನ್ ಓಡುತ್ತಿತ್ತು. ಅರ್ಧ ಗಂಟೆ ಬೆವರು ಸುರಿಸಿದ್ದ, ತೋಟದ ಲೆಕ್ಕ ನೋಡುವ ರೈಟ್ರು ನನ್ನ ಮುಖ ನೋಡಿದರು. ಚಿಕ್ಕಪ್ಪ ಅಂತೂ, "ನೀನು ಇದನ್ನೇ ಓದಿದವನಲ್ವೇನೋ? ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?" ಅಂದರು. ಮಾತು ನಿಜ. ನಾನು ಓದಿದ್ದು ಮೆಕ್ಯಾನಿಕಲ್, ಎಂ.ಟೆಕ್ ಪ್ರಾಜೆಕ್ಟ್ ಮಾಡಿದ್ದು ಈಥರ್ ಇಂಧನಗಳು ಕಡಿಮೆ ಬಿಸಿಯಲ್ಲಿ ಹೇಗೆ ಹೊತ್ತಿಕೊಳ್ಳುತ್ತವೆ ಅನ್ನೋದರ ಮೇಲೆ. ಎಲ್ಲ ಕಂಪ್ಯೂಟರ್ ಒಳಗೆ. ಈಥರ್ ಬಗ್ಗೆ ನೂರಾರು ಪುಟ ಓದಿದ್ದೆ, ಈಥರ್ ವಾಸನೆ ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ.

ಹಾಗಾಗಿ ಈ ರಿವ್ಯೂನಲ್ಲಿ ಕೆಮಿಸ್ಟ್ರಿ ಸ್ವಲ್ಪ ಜಾಸ್ತಿ ಇರುತ್ತದೆ. ಬೇಡದವರು ಹಾರಿಸಿಕೊಂಡು ಹೋಗಿ, ಆದರೆ ಬೆಂಡಿಕ್ಸ್ (ಎಂಜಿನ್ ತಿರುಗಿಸುವ ಸೆಲ್ಫ್ ಮೋಟರ್‌ನ ಹಲ್ಲುಚಕ್ರ) ಹಲ್ಲು ಮುರಿದ ಕಥೆ ಓದದೆ ಡಬ್ಬಿ ಮಾತ್ರ ಕೊಳ್ಳಬೇಡಿ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಬೇಕು. 16ಕ್ಕೆ 1 ಒತ್ತುವ ಎಂಜಿನ್ ಅಂದುಕೊಳ್ಳಿ. ಪುಸ್ತಕದ ಲೆಕ್ಕದಲ್ಲಿ 13 ಡಿಗ್ರಿಯ ಗಾಳಿ 590 ಡಿಗ್ರಿ ಹತ್ತಿರ ಹೋಗಬೇಕು. ನಿಜವಾದ ತಣ್ಣಗಿನ ಎಂಜಿನ್ ನಿಧಾನ ತಿರುಗುವಾಗ ಅರ್ಧ ಶಾಖ ಗೋಡೆಗೆ ಹೋಗುತ್ತದೆ, ಸ್ವಲ್ಪ ಗಾಳಿ ಸವೆದ ರಿಂಗಿನ ಸಂದಿಯಲ್ಲಿ ಜಾರುತ್ತದೆ. ಹಾಗೆ ಲೆಕ್ಕ ಹಾಕಿದರೆ 300 ಡಿಗ್ರಿ ಸಿಕ್ಕರೆ ದೊಡ್ಡದು. ಡೀಸೆಲ್ ತಾನಾಗಿ ಹೊತ್ತುವ ಬಿಸಿ 210ರ ಆಸುಪಾಸು ಅಂತ ಪಟ್ಟಿಗಳಲ್ಲಿ ಇರುತ್ತದೆ, ಹಾಗಾದರೆ 300 ಸಾಲದೇ ಅಂತ ಕೇಳಬಹುದು. ಆ 210 ಅಳೆದಿರೋದು ಗಾಜಿನ ಬುರುಡೆಯಲ್ಲಿ, ನಿಮಿಷಗಟ್ಟಲೆ ಪುರುಸೊತ್ತು ಕೊಟ್ಟು. ಎಂಜಿನ್ ಕೊಡುವ ಪುರುಸೊತ್ತು ಎಷ್ಟು? ಸೆಲ್ಫ್ ನಿಮಿಷಕ್ಕೆ 200 ಸುತ್ತು ತಿರುಗಿಸಿದರೂ ಪಿಸ್ಟನ್ ಮೇಲೆ ಇರುವ ಆ ಬಿಸಿ ಗಳಿಗೆ ಹದಿನೈದು ಇಪ್ಪತ್ತು ಮಿಲಿಸೆಕೆಂಡ್. ಅಷ್ಟರಲ್ಲಿ ಡೀಸೆಲ್ ಹನಿ ಆವಿಯಾಗಬೇಕು, ಗಾಳಿ ಜೊತೆ ಬೆರೆಯಬೇಕು, ಹೊತ್ತಬೇಕು. ಆಗಲ್ಲ. ಆಗದೆ ಹೊರಗೆ ಬಂದ ಡೀಸೆಲ್ಲೇ ಆ ಬಿಳಿ ಹೊಗೆ.

ಈಥರ್ ಆಟ ಬೇರೆ. 35 ಡಿಗ್ರಿಯ ಒಳಗೇ ಕುದಿಯುತ್ತದೆ, ಮಧ್ಯಾಹ್ನ ಅಂಗೈ ಮೇಲೆ ಹಾಕಿದರೆ ಹಾಗೇ ಹಾರಿಹೋಗುತ್ತದೆ. ಸಿಲಿಂಡರ್ ಒಳಗೆ ಹೋಗುವಾಗಲೇ ಆವಿ, ಗಾಳಿ ಜೊತೆ ಬೆರೆತೇ ಇರುತ್ತದೆ. ತಾನಾಗಿ ಹೊತ್ತುವ ಬಿಸಿ 160 ಡಿಗ್ರಿ. ಸಾಮಾನ್ಯ ಡೀಸೆಲ್‌ನ ಸೀಟೇನ್ ಅಂಕಿ, ಅಂದರೆ ಎಷ್ಟು ಬೇಗ ತಾನಾಗಿ ಹೊತ್ತುತ್ತದೆ ಅನ್ನೋದರ ಅಳತೆ, 50ರ ಹತ್ತಿರ ಇದ್ದರೆ ಇದರದು 125 ದಾಟುತ್ತದೆ ಅನ್ನುತ್ತಾರೆ.

ನನಗೆ ಈಗಲೂ ಮಜಾ ಅನಿಸೋದು ಇದು. ಈಥರ್ ಅಂದರೆ ನಾಲ್ಕು ಕಾರ್ಬನ್, ಹತ್ತು ಹೈಡ್ರೋಜನ್, ಒಂದು ಆಕ್ಸಿಜನ್. ಬ್ಯೂಟನಾಲ್ ಅಂದರೂ ಅಷ್ಟೇ, ಅದೇ ನಾಲ್ಕು, ಅದೇ ಹತ್ತು, ಅದೇ ಒಂದು. ಆದರೆ ಬ್ಯೂಟನಾಲ್ ಹೊತ್ತೋಕೆ 340 ಡಿಗ್ರಿ ಬೇಕು. ಸಾಮಾನು ಒಂದೇ, ಜೋಡಿಸಿದ ರೀತಿ ಬೇರೆ. ಆಕ್ಸಿಜನ್ ತುದಿಯಲ್ಲಿದ್ದರೆ ಸಾಧು, ಮಧ್ಯದಲ್ಲಿ ಕೂತರೆ ತುಂಟ.

ಮಧ್ಯದಲ್ಲಿ ಕೂತು ಏನು ಮಾಡುತ್ತದೆ ಅಂದರೆ, ತನ್ನ ಎರಡೂ ಪಕ್ಕದ ಕಾರ್ಬನ್‌ಗಳು ಹಿಡಿದುಕೊಂಡಿರುವ ಹೈಡ್ರೋಜನ್‌ಗಳ ಹಿಡಿತ ಸಡಿಲ ಮಾಡುತ್ತದೆ. ಅಲ್ಲಿಗೆ ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ, ಜೋಡಿಗೆ ಹಸಿದ ಚೂರಾದ ಓಎಚ್ ರ‍್ಯಾಡಿಕಲ್ ಬಂದರೆ ಸಾಕು, ಒಂದು ಹೈಡ್ರೋಜನ್ ಕಿತ್ತುಕೊಂಡು ನೀರಾಗಿ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿಯ ಆಕ್ಸಿಜನ್ ಬಂದು ಅಂಟುತ್ತದೆ. ಅಂಟಿದ ಆಕ್ಸಿಜನ್ ಬಾಲ ಸುಮ್ನೆ ಇರಲ್ಲ, ಬಗ್ಗಿ ಆಚೆ ಪಕ್ಕದ ಕಾರ್ಬನ್‌ನಿಂದ ಇನ್ನೊಂದು ಸಡಿಲ ಹೈಡ್ರೋಜನ್ ಎಳೆದುಕೊಳ್ಳುತ್ತದೆ. ಆ ಬಗ್ಗುವಿಕೆಗೆ ಆರು ಪರಮಾಣುವಿನ ಉಂಗುರ ಆಗಬೇಕು, ಈಥರ್‌ನಲ್ಲಿ ಅಳತೆ ತೆಗೆದು ಹೊಲಿದ ಹಾಗೆ ಆರೇ ಆಗುತ್ತದೆ. ಈಗ ಆಚೆ ಪಕ್ಕವೂ ಖಾಲಿ, ಅಲ್ಲಿಗೂ ಒಂದು ಆಕ್ಸಿಜನ್. ಆಮೇಲೆ ಒಂದು ಓಎಚ್ ಕಳಚಿಕೊಳ್ಳುತ್ತದೆ. ಉಳಿಯುವುದು ಒಂದು ಪೆರಾಕ್ಸೈಡ್, ಅದರ ಎರಡು ಆಕ್ಸಿಜನ್‌ಗಳ ಮಧ್ಯದಲ್ಲಿ ಬಹಳ ದುರ್ಬಲವಾದ ಕೊಂಡಿ. ಅದು ಮುರಿದಾಗ ಇನ್ನೊಂದು ಓಎಚ್, ಜೊತೆಗೆ ಇನ್ನೊಂದು ಚೂರು ರ‍್ಯಾಡಿಕಲ್.

ಮೀಟರ್ ಬಡ್ಡಿ ಗೊತ್ತಲ್ವಾ? ಅದೇ ವ್ಯವಹಾರ. ಒಂದು ಓಎಚ್ ಹಾಕಿದಿರಿ, ಎರಡು ಬಂತು, ಮೇಲೆ ಒಂದು ಚೂರೂ ಬಂತು. ಎರಡು ಹಾಕಿದಿರಿ, ನಾಲ್ಕು ಬಂತು. ಹತ್ತು ಹದಿನೈದು ಮಿಲಿಸೆಕೆಂಡ್‌ನಲ್ಲಿ ಕೋಟಿಗಟ್ಟಲೆ. ಮುಖ್ಯ ವಿಷಯ ಏನು ಅಂದರೆ ಇದಕ್ಕೆಲ್ಲ 600, 700 ಡಿಗ್ರಿ ಬೇಕಿಲ್ಲ, ನಮ್ಮ ಚಿಕ್ಕಪ್ಪನ ಸವೆದ ಎಂಜಿನ್ ಕೊಡುವ 300 ಡಿಗ್ರಿಯೇ ಇದಕ್ಕೆ ಹಬ್ಬ. ಡೀಸೆಲ್ ಕೂಡ ಇದೇ ದಾರಿಯಲ್ಲಿ ಹೊತ್ತುವುದು. ಆದರೆ ಅದರ ಹೈಡ್ರೋಜನ್‌ಗಳು ಇಷ್ಟು ಸಡಿಲ ಇಲ್ಲ, ಅದಕ್ಕೇ ನಿಧಾನ.

ಈ ವ್ಯವಹಾರಕ್ಕೆ ಒಂದು ವಿಚಿತ್ರ ಗುಣ ಇದೆ. ಬಿಸಿ ಜಾಸ್ತಿಯಾದರೆ ಎಲ್ಲವೂ ವೇಗವಾಗಬೇಕು ಅಲ್ವಾ? ಇಲ್ಲಿ ಒಂದು ಹಂತ ದಾಟಿದ ಮೇಲೆ ನಿಧಾನವಾಗುತ್ತದೆ. ಬಿಸಿ ಏರಿದಾಗ ಅಂಟಿದ್ದ ಆಕ್ಸಿಜನ್ ನಿಲ್ಲಲ್ಲ, ಬಿಟ್ಟು ಹೋಗುತ್ತದೆ, ಅಥವಾ ಎಚ್ಓಟು ಅನ್ನೋ ಸೋಮಾರಿ ರ‍್ಯಾಡಿಕಲ್ ಆಗುತ್ತದೆ. ಸಾಲ ತಗೊಂಡವನು ಬಡ್ಡಿ ಕಟ್ಟದೆ ಅಸಲು ಎಸೆದು ಹೋದ ಹಾಗೆ. ಹಾಗಾಗಿ ಮೊದಲು ಒಂದು ಸಣ್ಣ ಉರಿ, ಆಮೇಲೆ ಒಂದು ತಡೆ, ಆಮೇಲೆ ದೊಡ್ಡ ಉರಿ. ಈಥರ್‌ನಲ್ಲಿ ಈ ಮಂಕು ಕವಿಯೋದು ಒಂದಲ್ಲ, ಎರಡು ಬಿಸಿಗಳಲ್ಲಿ ಅಂತ ಫ್ರಾನ್ಸ್‌ನ ಪ್ರಯೋಗಗಳು ತೋರಿಸಿವೆ. ಆ ಗ್ರಾಫ್ ಮೊದಲ ಸಲ ಕಂಡಾಗ ಪ್ರೋಗ್ರಾಂನಲ್ಲೇ ತಪ್ಪಿದೆ ಅಂತ ಒಂದು ವಾರ ಹುಡುಕಿದ್ದೆ.

ಆ ಮೊದಲ ಸಣ್ಣ ಉರಿಗೆ ತಣ್ಣನೆಯ ಜ್ವಾಲೆ ಅನ್ನುತ್ತಾರೆ. ಅದನ್ನು ಮೊದಲು ಕಂಡಿದ್ದೂ ಈಥರ್‌ನಲ್ಲೇ. 1817ರ ಸುಮಾರಿಗೆ ಇಂಗ್ಲೆಂಡ್‌ನ ವಿಜ್ಞಾನಿ ಹಂಫ್ರಿ ಡೇವಿ ಗಣಿ ದೀಪದ ಕೆಲಸದಲ್ಲಿದ್ದರು. ಈಥರ್ ಆವಿ ಮತ್ತು ಗಾಳಿಯ ಮಿಶ್ರಣಕ್ಕೆ ಬಿಸಿ ಪ್ಲಾಟಿನಂ ತಂತಿ ಇಳಿಸಿದರು. ಕತ್ತಲಲ್ಲಿ ನೋಡಿದರೆ ಮಂಕಾದ ಬೆಳಕು, ಬೆರಳಿಟ್ಟರೆ ಸುಡಲ್ಲ, ಬೆಂಕಿಕಡ್ಡಿ ಇಟ್ಟರೆ ಹತ್ತಲ್ಲ. ಆ ನೀಲಿ ಮಂಕು ಬರುವುದು ಫಾರ್ಮಾಲ್ಡಿಹೈಡ್‌ನಿಂದ ಅಂತ ಗೊತ್ತಾಗಲು ಇನ್ನೂ ನೂರು ವರ್ಷ ಬೇಕಾಯಿತು. ನಮ್ಮ ಪಂಪ್‌ಹೌಸ್‌ನ ಸಿಲಿಂಡರ್ ಒಳಗೂ ದಿನಾ ಬೆಳಗ್ಗೆ ಅದೇ ಡೇವಿ ದೀಪ ಒಂದು ಕ್ಷಣ ಹತ್ತುತ್ತದೆ, ನೋಡೋಕೆ ಮಾತ್ರ ಯಾರೂ ಇಲ್ಲ.

ನೋಡೋಕೆ ಆಗದಿದ್ದರೂ ಮೂಗಿಗೆ ಗೊತ್ತಾಗುತ್ತದೆ. ಸ್ಪ್ರೇ ಹೊಡೆದೂ ಎಂಜಿನ್ ಏಳದ ದಿನ ಸೈಲೆನ್ಸರ್ ಹತ್ತಿರ ಹೋಗಿ. ಕಣ್ಣು ಉರಿಯುತ್ತದೆ, ಹುಳಿ ಹುಳಿಯಾದ ಕೊಳೆತ ಹಣ್ಣಿನ ಘಾಟು, ಹಿಂದೆಯೇ ವಿನಿಗರ್ ತರಹದ್ದು. ಪೂರ್ತಿ ಉರಿದಿದ್ದರೆ ನೀರಾವಿ, ಕಾರ್ಬನ್ ಡೈಆಕ್ಸೈಡ್ ಬರಬೇಕಿತ್ತು, ಅವಕ್ಕೆ ವಾಸನೆ ಇಲ್ಲ. ಈ ಘಾಟು ಅಂದರೆ ಅಸಿಟಾಲ್ಡಿಹೈಡ್, ಫಾರ್ಮಾಲ್ಡಿಹೈಡ್, ಅಸಿಟಿಕ್ ಆಮ್ಲ. ಈಥರ್ ಅರ್ಧ ದಾರಿಯವರೆಗೆ ಹೋಗಿ ನಿಂತಿದೆ ಅಂತ ಅರ್ಥ. ನನ್ನ ಸಿಮ್ಯುಲೇಷನ್‌ನಲ್ಲಿ ಗೆರೆಗಳಾಗಿ ಕಾಣುತ್ತಿದ್ದವರು ಇವರೇ. ಪರಿಚಯ ಆಯಿತು, ಖುಷಿಯೇನೂ ಆಗಲಿಲ್ಲ.

ಈಗ ಬೆಂಡಿಕ್ಸ್ ಕಥೆ.

ಎರಡನೇ ವಾರಕ್ಕೆ ಡಬ್ಬಿ ಕೈ ಬದಲಾಯಿತು. ನಾನು ಊರಲ್ಲಿರಲಿಲ್ಲ. ಒಂದು ಸೆಕೆಂಡ್‌ಗೆ ಇಷ್ಟು ಚೆನ್ನಾಗಿ ಏಳುತ್ತೆ ಅಂದರೆ ಐದು ಸೆಕೆಂಡ್‌ಗೆ ಇನ್ನೂ ಚೆನ್ನಾಗಿ ಏಳಬೇಕು ಅಂತ ಚಿಕ್ಕಪ್ಪನ ಲೆಕ್ಕ. ಧಾರಾಳವಾಗಿ ಹೊಡೆದಿದ್ದಾರೆ. ಸೆಲ್ಫ್ ಒತ್ತಿದ್ದಾರೆ. ಸುತ್ತಿಗೆಯಲ್ಲಿ ಕಬ್ಬಿಣಕ್ಕೆ ಹೊಡೆದ ಹಾಗೆ ಟಣ್ ಅಂತ ಒಂದು ಶಬ್ದ, ಎಂಜಿನ್ ಗಕ್ಕನೆ ಹಿಂದಕ್ಕೆ ತಿರುಗಿ ನಿಂತಿದೆ. ಸೆಲ್ಫ್ ಮೋಟರ್ ಬಿಚ್ಚಿ ನೋಡಿದರೆ ಬೆಂಡಿಕ್ಸ್‌ನ ಎರಡು ಹಲ್ಲು ಇಲ್ಲ. ಪುಣ್ಯ, ಕನೆಕ್ಟಿಂಗ್ ರಾಡ್ ಬಗ್ಗಿರಲಿಲ್ಲ. ಫೋನ್ ಮಾಡಿ, "ನಿನ್ನ ಡಬ್ಬ ಸರಿ ಇಲ್ಲ ಕಣೋ" ಅಂದರು.

ಡಬ್ಬ ಸರಿಯಾಗಿಯೇ ಇತ್ತು, ಅದೇ ಸಮಸ್ಯೆ. ಡೀಸೆಲ್ ಯಾವಾಗ ಹೊತ್ತಬೇಕು ಅಂತ ತೀರ್ಮಾನ ಮಾಡುವುದು ಇಂಜೆಕ್ಟರ್. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಚಿಮ್ಮುತ್ತದೆ. ಈಥರ್‌ಗೆ ಅಂಥ ಕಾವಲುಗಾರ ಇಲ್ಲ. ಗಾಳಿ ಜೊತೆ ಮೊದಲೇ ಒಳಗೆ ಬಂದು ಕೂತಿದೆ, ತನಗೆ ಬೇಕಾದ ಬಿಸಿ ಸಿಕ್ಕ ತಕ್ಷಣ ಹೊತ್ತುತ್ತದೆ, ಪಿಸ್ಟನ್ ಇನ್ನೂ ಮೇಲೆ ಏರುತ್ತಿದ್ದರೂ ಸರಿ. ಅದೂ ಒಂದು ಮೂಲೆಯಿಂದ ಅಲ್ಲ, ಸಿಲಿಂಡರ್ ಪೂರ್ತಿ ಒಟ್ಟಿಗೆ. ಸ್ವಲ್ಪ ಇದ್ದರೆ ತಳ್ಳುತ್ತದೆ, ಜಾಸ್ತಿ ಇದ್ದರೆ ಏರುತ್ತಿರುವ ಪಿಸ್ಟನ್ ತಲೆ ಮೇಲೆ ಗುದ್ದುತ್ತದೆ. ಕನೆಕ್ಟಿಂಗ್ ರಾಡ್ ಬಗ್ಗುವುದು, ಪಿಸ್ಟನ್‌ನ ರಿಂಗ್ ಕೂರುವ ಜಾಗ ಒಡೆಯುವುದು ಎಲ್ಲ ಹೀಗೇ. 160 ಡಿಗ್ರಿಗೆ ಹೊತ್ತುವ ಒಳ್ಳೆಯ ಗುಣವೇ ಇದು, ಬೇರೆ ಯಾವುದೋ ಕೆಟ್ಟ ಗುಣ ಅಲ್ಲ.

ಅದಕ್ಕೇ ಹ್ಯಾಂಡಲ್ ಹಾಕಿ ತಿರುಗಿಸುವ ಸಿಂಗಲ್ ಸಿಲಿಂಡರ್ ಪಂಪ್‌ಸೆಟ್ ಇರುವವರು ಇದರ ಹತ್ತಿರವೂ ಹೋಗಬೇಡಿ. ನಮ್ಮಲ್ಲಿ ಮುರಿದಿದ್ದು ಬೆಂಡಿಕ್ಸ್ ಹಲ್ಲು. ಹ್ಯಾಂಡಲ್ ಹಿಂದಕ್ಕೆ ಹೊಡೆದರೆ ಮುರಿಯುವುದು ಕೈ. ಗ್ಲೋ ಪ್ಲಗ್ ಅಥವಾ ಗಾಳಿ ಬಿಸಿ ಮಾಡುವ ಹೀಟರ್ ಇರುವ ಗಾಡಿಗೂ ಬೇಡ. ಆ ಹಳೇ ಜೀಪ್‌ಗಳಲ್ಲಿ ಕೀ ತಿರುಗಿಸಿದಾಗ ದೀಪ ಹತ್ತುತ್ತದಲ್ಲ, ಅವು. ಕೆಂಪಗೆ ಕಾದ ಪ್ಲಗ್‌ಗೆ ಈಥರ್ ತಾಗಿದರೆ ಸಿಲಿಂಡರ್ ಒಳಗೆ ಹೊತ್ತಿಗೆ ಮೊದಲೇ ಹೊತ್ತುತ್ತದೆ, ಕಾದ ಹೀಟರ್ ಮೇಲೆ ಬಿದ್ದರೆ ಉರಿ ಗಾಳಿ ಪೈಪಿನಲ್ಲೇ, ನಿಮ್ಮ ಮುಖದ ಕಡೆಗೆ. ಹೊಸ ಕಾಮನ್ ರೈಲ್ ಗಾಡಿಗಳಿಗೆ ಹೊಡೆಯುವವರ ಹತ್ತಿರ ನಾನು ಮಾತಾಡಲ್ಲ.

ಲೇಬಲ್ ಮೇಲೆ ಇದೆಲ್ಲ ಇದೆಯಾ? ಇದೆ. ಇರುವೆ ಸೈಜಿನ ಇಂಗ್ಲಿಷ್‌ನಲ್ಲಿ, ಪಕ್ಕದಲ್ಲಿ ಅಷ್ಟೇ ಚಿಕ್ಕ ಹಿಂದಿ. ಕನ್ನಡದಲ್ಲಿ ಒಂದು ಅಕ್ಷರ ಇಲ್ಲ. ದಪ್ಪ ಅಕ್ಷರದಲ್ಲಿ ಇರೋದು 'ತಕ್ಷಣ ಸ್ಟಾರ್ಟ್' ಅನ್ನೋ ಅರ್ಥದ ಮಾತು ಮಾತ್ರ. ಎಷ್ಟು ಸೆಕೆಂಡ್ ಹೊಡೆಯಬೇಕು ಅನ್ನೋದು ಡಬ್ಬಿಯ ಹಿಂದೆ, ಬಾರ್‌ಕೋಡ್ ಕೆಳಗೆ. ಈಥರ್ ಶೇಕಡಾ ಎಷ್ಟು ಅಂತ ಹಾಕಿಯೇ ಇಲ್ಲ. ಬೆಳಗಿನ ಜಾವ ಐದೂವರೆಗೆ ಟಾರ್ಚ್ ಬೆಳಕಲ್ಲಿ ಡಬ್ಬಿ ಹಿಡಿಯುವವರು ಯಾರು ಅಂತ ಇದನ್ನು ಬರೆದವರು ಒಂದು ಸಲ ಯೋಚನೆ ಮಾಡಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಒಂದೂವರೆ ಮಾರ್ಕ್ಸ್ ಹೋಗಿದ್ದು ಇಲ್ಲಿಯೇ. ನಳಿಕೆ ಬಗ್ಗೆಯೂ ಒಂದು ಮಾತು: ಒತ್ತಿದರೆ ಧಾರೆ ಬರುತ್ತದೆ, ಕಮ್ಮಿ ಹೊಡೆಯಬೇಕು ಅಂದರೂ ಆಗಲ್ಲ. ಅಳತೆ ಇಟ್ಟು ಒಂದು ಸಲಕ್ಕೆ ಇಷ್ಟೇ ಅಂತ ಬರುವ ನಳಿಕೆ ಹಾಕಿದರೆ ಇನ್ನೂ ಐವತ್ತು ರೂಪಾಯಿ ಜಾಸ್ತಿ ಕೊಡೋಕೆ ನಾನು ರೆಡಿ.

"ಒಂದ್ ಸಲ ಈಥರ್ ರುಚಿ ನೋಡಿದ್ರೆ ಎಂಜಿನ್‌ಗೆ ಚಟ ಹಿಡಿಯುತ್ತೆ, ಆಮೇಲೆ ಅದಿಲ್ದೆ ಏಳಲ್ಲ" ಅಂತ ಮೆಕ್ಯಾನಿಕ್‌ಗಳು ಹೇಳುತ್ತಾರೆ. ಕಬ್ಬಿಣಕ್ಕೆ ಎಂಥ ಚಟ ಅಂತ ನಾನು ನಕ್ಕಿದ್ದೆ. ಪೂರ್ತಿ ನಗುವ ವಿಷಯ ಅಲ್ಲ. ಈಥರ್ ಒಳ್ಳೆಯ ಸಾಲ್ವೆಂಟ್, ಸಿಲಿಂಡರ್ ಗೋಡೆಯ ಎಣ್ಣೆ ಪಸೆ ತೊಳೆದುಬಿಡುತ್ತದೆ. ಆ ಎಣ್ಣೆಯೇ ಸವೆದ ರಿಂಗಿನ ಸಂದಿ ಮುಚ್ಚಿ ಅಷ್ಟೋ ಇಷ್ಟೋ ಕಂಪ್ರೆಷನ್ ಉಳಿಸಿರುತ್ತದೆ. ಅದು ಹೋದರೆ ಒಣ ಉಜ್ಜಾಟ, ಇನ್ನಷ್ಟು ಸವೆತ, ಇನ್ನಷ್ಟು ಕಡಿಮೆ ಬಿಸಿ, ನಾಳೆ ಇನ್ನೂ ಸ್ವಲ್ಪ ಜಾಸ್ತಿ ಸ್ಪ್ರೇ. ಹೊರಗಿನಿಂದ ನೋಡುವವರಿಗೆ ಚಟದ ಹಾಗೇ ಕಾಣುತ್ತದೆ. ಡಬ್ಬಿಯಲ್ಲಿ ಚೂರು ಎಣ್ಣೆ ಸೇರಿಸಿರೋದು ಇದಕ್ಕೇ, ಆದರೆ ಅದು ಸಾಲುತ್ತೆ ಅಂತ ನನಗೇನೂ ಅನಿಸಲಿಲ್ಲ.

ಈಥರ್ ಬದಲು ಪೆಟ್ರೋಲ್ ಹೊಡೆದರೆ ಆಗಲ್ವಾ, ಅದೂ ಬೇಗ ಹತ್ತುತ್ತಲ್ಲ ಅಂತ ಪಕ್ಕದ ತೋಟದವರು ಕೇಳಿದರು. ಕಡ್ಡಿ ಗೀರಿದರೆ ಹತ್ತುವುದೇ ಬೇರೆ, ತಾನಾಗಿ ಹೊತ್ತುವುದೇ ಬೇರೆ. ಪೆಟ್ರೋಲ್‌ನ ಆಕ್ಟೇನ್ ಅಂಕಿ ಅಂದರೆ ಈ ಮೀಟರ್ ಬಡ್ಡಿ ವ್ಯವಹಾರವನ್ನು ಅದು ಎಷ್ಟು ತಡೆಯುತ್ತದೆ ಅನ್ನೋದರ ಅಳತೆ. ಒತ್ತಿದರೂ ಹೊತ್ತದೆ ಸ್ಪಾರ್ಕ್ ಬರುವವರೆಗೆ ಕಾಯಲಿ ಅಂತಲೇ ಅದನ್ನು ಹದ ಮಾಡಿರುತ್ತಾರೆ. ಡಬ್ಬಿಯಲ್ಲಿ ಈಥರ್ ಜೊತೆ ಇರುವ ಹೆಪ್ಟೇನ್ ಇದೆಯಲ್ಲ, ನೇರ ಸರಪಳಿಯದಾದರೆ ಅದರ ಆಕ್ಟೇನ್ ಅಂಕಿ ಸೊನ್ನೆ, ಅಳತೆಯ ಸೊನ್ನೆ ಗುರುತೇ ಅದು. ಅಂದರೆ ಡಬ್ಬಿಯಲ್ಲಿ ಪುಂಡನ ಜೊತೆ ಪುಂಡನನ್ನೇ ಹಾಕಿದ್ದಾರೆ.

ಎಲ್ಲ ಈಥರ್‌ಗಳೂ ಹೀಗೆ ಅಂದುಕೊಳ್ಳಬೇಡಿ. ಎಂಟಿಬಿಇ (ಮೀಥೈಲ್ ಟರ್ಷಿಯರಿ ಬ್ಯೂಟೈಲ್ ಈಥರ್) ಅಂತ ಒಂದಿದೆ, ಹೆಸರಲ್ಲೇ ಈಥರ್ ಇದೆ, ಆದರೆ ಅದನ್ನು ಪೆಟ್ರೋಲ್‌ಗೆ ಹಾಕುತ್ತಿದ್ದುದು ಆಕ್ಟೇನ್ ಏರಿಸಲು, ಅಂದರೆ ತಾನಾಗಿ ಹೊತ್ತದಿರಲಿ ಅಂತ! ಆಕ್ಸಿಜನ್‌ನ ಒಂದು ಪಕ್ಕದ ಕಾರ್ಬನ್‌ನಲ್ಲಿ ಕಿತ್ತುಕೊಳ್ಳಲು ಹೈಡ್ರೋಜನ್ನೇ ಇಲ್ಲ, ಮೂರು ಮೀಥೈಲ್‌ಗಳು ಗೋಡೆ ಹಾಗೆ ಸುತ್ತ ನಿಂತಿವೆ. ಬಗ್ಗಿ ಆಚೆ ಕೈ ಹಾಕುವ ಆಟ ನಡೆಯುವುದೇ ಇಲ್ಲ. ಅಂತರ್ಜಲಕ್ಕೆ ಸೇರಿ ನೀರು ಕೆಡಿಸಿತು ಅಂತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಮೇಲೆ ಅದನ್ನು ನಿಷೇಧಿಸಿದರು. ನಮ್ಮ ಡಬ್ಬಿಯಲ್ಲಿ ಅದಿದ್ದಿದ್ದರೆ ಎಂಜಿನ್ ಸಾಯಂಕಾಲದವರೆಗೂ ಏಳುತ್ತಿರಲಿಲ್ಲ.

ಇದನ್ನು ಬಯೋ ಇಂಧನ ಅನ್ನಬಹುದಾ? ಸಾಮಾನೇನೋ ನಮ್ಮ ಕಬ್ಬಿನಿಂದ ಬರಬಹುದು. ಮಂಡ್ಯ, ಬೆಳಗಾವಿ ಕಡೆ ಸಕ್ಕರೆ ಕಾರ್ಖಾನೆಗಳಲ್ಲಿ ಎಥನಾಲ್ ಮಾಡುತ್ತಾರಲ್ಲ, ಅದರ ಎರಡು ಅಣು ಹಿಡಿದು, 140 ಡಿಗ್ರಿ ಸುಮಾರಿನಲ್ಲಿ ಗಂಧಕಾಮ್ಲ ಹಾಕಿ, ಮಧ್ಯದಿಂದ ಒಂದು ನೀರು ತೆಗೆದರೆ ಸಿಗುವುದೇ ಈ ಈಥರ್. ಪಿಯುಸಿ ಪುಸ್ತಕದಲ್ಲೇ ಇದೆ. ಎಥನಾಲ್ ತಾನಾಗಿ ಹೊತ್ತೋಕೆ 360 ಡಿಗ್ರಿ ದಾಟಬೇಕು, ಡೀಸೆಲ್ ಎಂಜಿನ್‌ಗೆ ಪ್ರಯೋಜನ ಇಲ್ಲ. ಒಂದು ನೀರು ಕಳೆದರೆ ಅದೇ 160ಕ್ಕೆ ಇಳಿಯುತ್ತದೆ. ಅದಕ್ಕೇ ಡೀಸೆಲ್ ಎಂಜಿನ್‌ನಲ್ಲಿ ಎಥನಾಲ್ ಓಡಿಸೋಕೆ ಹೊರಟವರು ಈಥರ್ ಕಡೆ ಮತ್ತೆ ಮತ್ತೆ ಬರುತ್ತಾರೆ. ನಾನಾದರೂ ಟ್ಯಾಂಕ್ ಪೂರ್ತಿ ಇದನ್ನೇ ತುಂಬಲ್ಲ. ಗಾಳಿಗಿಂತ ಎರಡೂವರೆ ಪಟ್ಟು ಭಾರದ ಆವಿ, ನೆಲದ ಮೇಲೆ ಹರಿದುಕೊಂಡು ಹೋಗಿ ಎಲ್ಲಿ ಕಿಡಿ ಇದೆಯೋ ಅಲ್ಲಿ ಹೊತ್ತುತ್ತದೆ.

ಟ್ಯಾಂಕ್‌ಗೆ ಹಾಕೋದಾದರೆ ಇದರ ತಮ್ಮ ಡೈಮೀಥೈಲ್ ಈಥರ್ ವಾಸಿ. ಮೈನಸ್ 25ಕ್ಕೇ ಕುದಿಯುವುದರಿಂದ ಎಲ್‌ಪಿಜಿ ತರಹ ಸಿಲಿಂಡರ್‌ನಲ್ಲಿ ಒತ್ತಿ ಇಡಬೇಕು, ಆದರೆ ಸೀಟೇನ್ 55 ರಿಂದ 60, ಸಭ್ಯ. ಕಾರ್ಬನ್‌ಗೆ ಕಾರ್ಬನ್ ಅಂಟಿದ ಕೊಂಡಿಯೇ ಅದರಲ್ಲಿ ಇಲ್ಲ, ಹಾಗಾಗಿ ಕಪ್ಪು ಹೊಗೆ ಇಲ್ಲವೇ ಇಲ್ಲ ಅನ್ನಬಹುದು. ಸ್ವೀಡನ್‌ನ ಪಿಟಿಯೋ ಊರಿನ ಪೇಪರ್ ಮಿಲ್‌ನಲ್ಲಿ ಉಳಿಯುವ ಕಪ್ಪು ದ್ರಾವಣದಿಂದ ಇದನ್ನು ಮಾಡಿ ವೋಲ್ವೋ ಲಾರಿಗಳನ್ನು ರಸ್ತೆಯಲ್ಲಿ ಓಡಿಸಿ ನೋಡಿದ್ದರು. ಕಾಗದದ ಕಾರ್ಖಾನೆ ಹತ್ತಿರ ಬೆಳೆದವರಿಗೆ ಆ ಕಪ್ಪು ದ್ರಾವಣ ಏನು ಅಂತ ಹೇಳಬೇಕಿಲ್ಲ. ಅದು ಮೂಡಿಗೆರೆ ಬಂಕ್‌ಗೆ ಬಂದ ದಿನ ಇನ್ನೊಂದು ರಿವ್ಯೂ ಬರೆಯುತ್ತೇನೆ.

ಇಡುವುದರ ಬಗ್ಗೆ. ಡಬ್ಬಿಯಲ್ಲಿ ಇರುವವರೆಗೆ ಒಂದು ಮಟ್ಟಿಗೆ ಸರಿ, ಒಳಗೆ ಗಾಳಿ ಹೋಗಲ್ಲ. ಆದರೆ ಒಂದು ವರ್ಕ್‌ಶಾಪ್‌ನಲ್ಲಿ ಬಿಡಿ ಈಥರ್ ಅನ್ನು ಬಿಯರ್ ಬಾಟಲಿಯಲ್ಲಿ ಹಾಕಿ, ಬಟ್ಟೆ ತುರುಕಿ, ಕಿಟಕಿಯಲ್ಲಿ ಇಟ್ಟಿದ್ದನ್ನು ಕಣ್ಣಾರೆ ನೋಡಿದೆ. ಮೇಲೆ ಹೇಳಿದ ಕೆಮಿಸ್ಟ್ರಿ ನಡೆಯೋಕೆ ಎಂಜಿನ್ನೇ ಬೇಕು ಅಂತ ಇಲ್ಲ. ಗಾಳಿ ಇದ್ದರೆ, ಬೆಳಕು ಇದ್ದರೆ, ಕೋಣೆಯ ಬಿಸಿಯಲ್ಲೇ ನಿಧಾನಕ್ಕೆ ಅದೇ ಹೈಡ್ರೋಜನ್ ಕೀಳುವ, ಆಕ್ಸಿಜನ್ ಅಂಟುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತಿರುತ್ತದೆ. ಬಿಸಿ ಇಲ್ಲದ್ದರಿಂದ ಆ ದುರ್ಬಲ ಕೊಂಡಿ ಮುರಿಯಲ್ಲ, ಪೆರಾಕ್ಸೈಡ್ ಹಾಗೇ ತಳದಲ್ಲಿ ಸೇರುತ್ತಾ ಹೋಗುತ್ತದೆ. ಈಥರ್ ಆರಿಹೋಗಿ ಅದು ಮಾತ್ರ ಉಳಿದರೆ ಅಲುಗಾಡಿಸಿದರೂ ಸಿಡಿಯುವ ಸಾಮಾನು. ಲ್ಯಾಬ್‌ಗಳಲ್ಲಿ ಈಥರ್ ಬಾಟಲಿಗೆ ತೆರೆದ ತಾರೀಖು ಬರೆದು, ಕಂದು ಗಾಜಿನಲ್ಲಿ ಇಟ್ಟು, ಆಗಾಗ ಪೆರಾಕ್ಸೈಡ್ ಪಟ್ಟಿ ಅದ್ದಿ ನೋಡೋದು ಇದಕ್ಕೇ. ಅಂಥ ಹಳೇ ಬಾಟಲಿ ಎಲ್ಲಾದರೂ ಕಂಡರೆ ಮುಚ್ಚಳ ತಿರುಗಿಸಬೇಡಿ, ಅಗ್ನಿಶಾಮಕದವರಿಗೆ ಹೇಳಿ.

ನಮ್ಮ ಪಂಪ್‌ಹೌಸ್‌ನಲ್ಲಿ ನಾನು ಮಾಡಿದ ತಪ್ಪು ಬೇರೆ. ಡಬ್ಬಿಯನ್ನು ತಗಡಿನ ಶೀಟ್ ಕೆಳಗಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದೆ. ಮಾರ್ಚ್ ಮಧ್ಯಾಹ್ನ ಅಲ್ಲಿ ಕೈ ಇಟ್ಟರೆ ಸುಡುತ್ತದೆ. 50 ಡಿಗ್ರಿ ಮೇಲೆ ಹೋಗಬಾರದು ಅಂತ ಡಬ್ಬಿಯೇ ಹೇಳುತ್ತಿತ್ತು, ಅದೇ ಇರುವೆ ಅಕ್ಷರದಲ್ಲಿ.

ಈ ಸಲದ ಸೀಸನ್‌ಗೆ ಮೊದಲು ಇಂಜೆಕ್ಟರ್ ಸರ್ವಿಸ್ ಮಾಡಿಸಿ, ಹೊಸ ಬ್ಯಾಟರಿ ಹಾಕಿದೆವು. ರಿಂಗ್ ಕೆಲಸ ಮಳೆಗಾಲದಲ್ಲಿ ನೋಡೋಣ ಅಂತ ಚಿಕ್ಕಪ್ಪ ಮುಂದೂಡಿದರು. ಮೊದಲ ವರ್ಷ ಡಬ್ಬಿ ಅರ್ಧ ಖಾಲಿಯಾಗಿತ್ತು, ಈ ಸಲ ಇಡೀ ಫೆಬ್ರವರಿ ಮಾರ್ಚ್‌ನಲ್ಲಿ ಬೇಕಾಗಿದ್ದು ಎರಡೇ ಬೆಳಗ್ಗೆ. ಸ್ಪ್ರೇ ಹೊಡೆದಾಗ ಎಂಜಿನ್ ಎದ್ದಿತು ಅಂದರೆ ಡೀಸೆಲ್ ಹೊತ್ತಿಸೋಕೆ ಬಿಸಿ ಸಾಲುತ್ತಿಲ್ಲ ಅಂತ ಅರ್ಥ, ಸ್ಪ್ರೇ ಹೊಡೆದರೂ ಒಂದು ಕ್ಷಣ ಗುಡುಗಿ ಸತ್ತರೆ ಡೀಸೆಲ್ಲೇ ಬರುತ್ತಿಲ್ಲ ಅಂತ. ಅಷ್ಟು ಪತ್ತೆ ಮಾಡೋಕೆ 400 ರೂಪಾಯಿ ದುಬಾರಿ ಏನಲ್ಲ.

ಡಬ್ಬಿ ಈಗ ತಗಡಿನ ಕೆಳಗಿಂದ ಇಳಿದು ಪಂಪ್‌ಹೌಸ್ ಹೊರಗೆ ನೆರಳಲ್ಲಿರುವ ಸಿಮೆಂಟ್ ಗೂಡಿಗೆ ಹೋಗಿದೆ, ಬೀಗ ಹಾಕಿ. ರೈಟ್ರು ಕಾಫಿ ಚೀಲಕ್ಕೆ ನಂಬರ್ ಬರೆಯುವ ಕಪ್ಪು ಪೇಂಟ್ ತಂದು, 'ತಕ್ಷಣ ಸ್ಟಾರ್ಟ್' ಅನ್ನೋದರ ಮೇಲೆಯೇ ಹಚ್ಚಿ, ಒಣಗಿದ ಮೇಲೆ ಬಿಳಿಯಲ್ಲಿ ದಪ್ಪಗೆ ಬರೆದಿದ್ದಾರೆ: "ಒಂದೇ ಸೆಕೆಂಡ್. ಸಾವ್ಕಾರ್ರು ಮುಟ್ಟಬಾರದು."